ಓಪಲ್ ತಿಕ್ಕುತ್ತಿದ್ದ ಪದಕ

ಹಳೆಯ ಪದಕವನ್ನು ತಿಕ್ಕಿ ತೊಳೆಯುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ವರ್ಷಗಟ್ಟಲೆ ಕೂತ ಕಪ್ಪು ಹೋದರೆ ಅದರ ಬೆಲೆಯೂ ಹೋಯಿತು. ಕೊಲರಾಡೋದ ಸಂಗ್ರಾಹಕರಿಗೆಲ್ಲ ಇದು ಗೊತ್ತು.

ವಿಧವೆ ಓಪಲ್ ನನಗೆ ಮಾರಿದ ಪದಕ ಬೆಳ್ಳಿ ಡಾಲರ್ ನಾಣ್ಯದಷ್ಟೇ ದೊಡ್ಡದು. ಗಣಿ ಮಾಲೀಕನೊಬ್ಬ ತನ್ನ ಗಣಿಯ ನೆನಪಿಗೆ ಮಾಡಿಸಿದ್ದು. ಮೇಲೆ ಚೂಪು ಮೂಗಿನ ಗಣಿಗಾರನ ಮುಖ.

"ಪ್ರತಿ ಭಾನುವಾರ ಅಡಿಗೆ ಸೋಡಾ ಹಾಕಿ ತಿಕ್ತಿದ್ದೆ ಕಣಪ್ಪ. ನಮ್ಮೆಜಮಾನ್ರು ಆ ಗಣೀಲೇ ಹೋದ್ರು."

"ಹಾಳು ಮಾಡಿಟ್ಟಿದ್ದೀರಲ್ಲಮ್ಮ! ಇನ್ಮೇಲೆ ಇದನ್ನ ಯಾರೂ ತಿಕ್ಕೋ ಹಾಗಿಲ್ಲ!" ಎಂದು ರೇಗಿದೆ.

"ಮಸಿ ಮೋರೇಲೇ ಬಿಟ್ಬಿಡ್ತೀಯಾ ಅವ್ರನ್ನ?" ಎಂದಳು. ಆ ವಾರವೇ ತೀರಿಕೊಂಡಳು.

ಮರು ಸೋಮವಾರ ಪದಕಗಳ ಪೆಟ್ಟಿಗೆಯ ಬೀಗ ತೆರೆದರೆ ಅವಳ ಪದಕದ ಅಂಚಿನಲ್ಲಿ ಒದ್ದೆ ಸೋಡಾ. ಹೆಂಡತಿ ಡಾರ್ಲೀನ್ ಮೇಲೆ ಹಾರಾಡಿದೆ.

"ನಿನ್ನ ತಗಡು ಯಾರಿಗೆ ಬೇಕು? ಬೀಗದ ಕೈ ನಿನ್ನ ಕೊರಳಲ್ಲೇ ನೇತಾಡ್ತಿದೆಯಲ್ಲ!"

ಹೌದು, ಅಲ್ಲೇ ಇತ್ತು. ಸಿಟ್ಟಿನಲ್ಲೇ ನನ್ನ ಪದಕಗಳನ್ನೆಲ್ಲ ಬ್ಯಾಂಕಿನ ಲಾಕರಿಗೆ ಹಾಕಿದೆ. ಭಾನುವಾರ ಬ್ಯಾಂಕು ತೆರೆಯುವುದಿಲ್ಲ.

ಈ ಸೋಮವಾರ ಹೋಗಿ ನೋಡಿದೆ. ಉಳಿದ ಹನ್ನೊಂದು ಪದಕಗಳು ಕಪ್ಪಗೆ, ತಣ್ಣಗಿದ್ದವು. ಓಪಲಳದು ಆಗತಾನೇ ಯಾರೋ ಕೈಯಿಂದ ಇಳಿಸಿದಷ್ಟು ಬೆಚ್ಚಗಿತ್ತು. ಬೈಯೋಣವೆಂದರೆ ಅಲ್ಲಿ ಯಾರೂ ಇರಲಿಲ್ಲ. ಗಣಿಗಾರನ ಮೂಗು ಸವೆದುಹೋಗಿತ್ತು.