ಎರಡು ಜೊತೆ ಕಾಲುಚೀಲ

ಬೆಳಕು ಹರಿಯುವ ಹೊತ್ತಿಗೆ ಅರಣ್ಯ ಠಾಣೆಯಿಂದ ಅಪ್ಪಣೆ ಬಂತು. ಕಂದರದ ತೂಗುಸೇತುವೆಯ ಮೇಲೆ ಹಳೆಯ ಪೈನ್ ಮರವೊಂದರ ತಲೆ ಮುರಿದು ನೇತಾಡುತ್ತಿತ್ತು. ಆಚೆ ದಡದಲ್ಲಿ ಕಾಯಿಲೆಯ ಹೆಂಗಸನ್ನು ಡೋಲಿಯಲ್ಲಿ ಹೊತ್ತು ತಂದವರು ದಾಟಲಾರದೆ ನಿಂತಿದ್ದರು. ಸಂಜೆಗೆ ಹಿಮಗಾಳಿ ಏಳಲಿತ್ತು. ಅಷ್ಟರೊಳಗೆ ಆ ತಲೆಯನ್ನು ಕಡಿದು ಕೆಡವಬೇಕಿತ್ತು.

ಹೊರಟವರು ಮೂವರು: ಮರದ ಕೆಲಸದಲ್ಲೇ ಕೂದಲು ನರೆತ ಮೇಸ್ತ್ರಿ, ಎಲ್ಲರೂ ಅಳಿಲು ಎಂದು ಕರೆಯುವ ತರುಣ, ಮತ್ತು ಆ ತರುಣನ ಅತ್ತಿಗೆ. ಅತ್ತಿಗೆಯ ಕೆಲಸ ಬುಡದಲ್ಲಿ ನಿಂತು ಹಗ್ಗ ಹಿಡಿಯುವುದು. ಹಿಂದೆ ಅವಳೂ ಮರ ಹತ್ತುತ್ತಿದ್ದವಳೇ. ಹೋದ ಚಳಿಗಾಲದಲ್ಲಿ ಅವಳ ಗಂಡ ಮರ ಏರುವಾಗ, ಹಗ್ಗ ಹಾಯಿಸುವ ಮೊದಲೇ, ಕಾಲು ಜಾರಿ ಬಿದ್ದು ತೀರಿಕೊಂಡ. ಅಂದಿನಿಂದ ಅವಳು ನೆಲ ಬಿಟ್ಟು ಮೇಲೆ ಹೋಗಿರಲಿಲ್ಲ. ದೇವರಿಗೆ ಬೇಕಾಯಿತು, ಕರೆದುಕೊಂಡ ಎಂದರು ಎಲ್ಲರೂ. ಅವಳೂ ಹಾಗೆಯೇ ನಂಬಿ, ದಿನವೂ ಕೈಮುಗಿದು ಸುಮ್ಮನಾಗಿದ್ದಳು.

ಸಲಕರಣೆಯ ಕೋಣೆಯಲ್ಲಿ ಗರಗಸದ ಎಣ್ಣೆ ಮತ್ತು ಒದ್ದೆ ಚರ್ಮದ ವಾಸನೆ. ಗಂಡನ ಬೂಟುಗಳನ್ನು ಅವಳು ವರ್ಷವಿಡೀ ಎಣ್ಣೆ ಸವರಿ ಕಾಪಾಡಿದ್ದಳು. ಅಂದು ಅವನ್ನು ಮೈದುನನ ಕೈಗಿಟ್ಟಳು. ಅವನು ಅವಕ್ಕೆ ನಮಸ್ಕರಿಸಿದ. ಒಂದು ಜೊತೆ ಕಾಲುಚೀಲ ಸಾಕೆಂದು ಮೇಸ್ತ್ರಿ ಹೇಳುತ್ತಲೇ ಇದ್ದರು. ಚಳಿ ಮೂಳೆ ಕೊರೆಯುತ್ತದೆ ಎಂದು ಅವಳು ತಾನೇ ಹೆಣೆದ ದಪ್ಪ ಉಣ್ಣೆಯ ಇನ್ನೊಂದು ಜೊತೆಯನ್ನೂ ಹಾಕಿಸಿ ಬೂಟು ತೊಡಿಸಿದಳು. ಅವಳ ಸ್ವಂತ ಬೂಟುಗಳು ಕಾಲಿಗಿಂತ ದೊಡ್ಡವು, ಒಳಗೆ ಕಂಬಳಿಯ ಪದರ, ನೋಡಲು ವಿಕಾರ.

“ಅತ್ತಿಗೆ, ದೋಣಿ ಏರಿ ಬರ್ತಿದೀರಾ?” ಎಂದ ಮೈದುನ, ಆ ಬೂಟುಗಳನ್ನು ನೋಡಿ.

“ಈ ದೋಣೀಲಿ ನಿನಗೆ ಜಾಗ ಇಲ್ಲ. ನಡಿ.”

ಏರುದಾರಿಯಲ್ಲಿ ಮೇಸ್ತ್ರಿ ಇಬ್ಬರ ಕೋಟಿನ ಗುಂಡಿಗಳನ್ನೂ ಬಿಚ್ಚಿಸಿದರು. ನಡೆಯುವಾಗ ಬೆವರಿದರೆ ಮರದ ಮೇಲೆ ಅದೇ ಬೆವರು ಮಂಜಾಗುತ್ತದೆ ಎಂಬುದು ಅವರ ಪಾಠ. ಕಾಡಿನಲ್ಲಿ ಒಂದು ಹಕ್ಕಿಯ ಸದ್ದೂ ಇರಲಿಲ್ಲ. ಹಿಮ ಹೊತ್ತ ಕೊಂಬೆಗಳು ಬೆನ್ನು ಬಾಗಿಸಿ, ಯಾರದೋ ಶವ ಹಾದುಹೋಗಲೆಂದು ದಾರಿ ಬಿಟ್ಟವರಂತೆ ಎರಡೂ ಬದಿಗೆ ನಿಂತಿದ್ದವು. ಆಗಾಗ ದೂರದಲ್ಲೊಂದು ಕಾಂಡ ಶೈತ್ಯಕ್ಕೆ ಸೀಳುವ ಸದ್ದು ಕೇಳಿ ಮೂವರೂ ನಿಂತುಬಿಡುತ್ತಿದ್ದರು. ಆಕಾಶ ಬೂದಿಯ ಬಣ್ಣಕ್ಕೆ ತಿರುಗಿ ಮರಗಳ ತುದಿಯವರೆಗೂ ಇಳಿದಿತ್ತು.

ಸೇತುವೆಯ ಬಳಿ ಬಂದಾಗ ಆಚೆಯವರು ಕೂಗಲಿಲ್ಲ, ಕೈ ಬೀಸಲಿಲ್ಲ. ಡೋಲಿಯ ಸುತ್ತ ಗಾಳಿಗೆ ಅಡ್ಡವಾಗಿ ನಿಂತು ನೋಡಿದರು, ಅಷ್ಟೆ.

ಮೇಸ್ತ್ರಿ ಸಣ್ಣ ದಾರ ಎಸೆದು, ಅದರ ಹಿಂದೆಯೇ ಹಗ್ಗವನ್ನು ಗಟ್ಟಿ ಕೊಂಬೆಯೊಂದರ ಮೇಲೆ ಹಾಯಿಸಿದರು. ಹಗ್ಗದ ಒಂದು ತುದಿ ಮೈದುನನ ಸೊಂಟಪಟ್ಟಿಗೆ ಬಿಗಿಯಿತು. ಇನ್ನೊಂದನ್ನು ಅತ್ತಿಗೆ ಪಕ್ಕದ ಮರಕ್ಕೆ ಸುತ್ತಿ ಹಿಡಿದಳು. ಅವನು ಬೂಟುಗಳಿಗೆ ಉಕ್ಕಿನ ಕೊಕ್ಕೆಗಳನ್ನು ಕಟ್ಟಿ, ಅವನ್ನು ತೊಗಟೆಗೆ ನಾಟುತ್ತ ಸರಸರನೆ ಏರಿದ.

ಅರ್ಧ ದಾರಿಯಲ್ಲಿ ವೇಗ ತಗ್ಗಿತು. ಅವನು ಒಂದೇ ಜಾಗಕ್ಕೆ ಎರಡೆರಡು ಸಲ ಒದೆಯತೊಡಗಿದ. ಹೋದ ಚಳಿಗಾಲದಲ್ಲೂ ಹೀಗೇ ಆಗಿತ್ತು. ಗಂಡ ಹೀಗೇ ಒದ್ದಿದ್ದ.

“ಕಾಲ್ಬೆರಳು ಆಡಿಸು,” ಎಂದಳು.

ಮೇಲಿಂದ ಉತ್ತರ ತಡವಾಗಿ ಬಂತು. “ಬೆರಳು ಎಲ್ಲಿವೆಯೋ ಗೊತ್ತಾಗ್ತಿಲ್ಲ ಅತ್ತಿಗೆ.”

“ಇಳಿ.”

“ಇನ್ನು ಸ್ವಲ್ಪ ತಾನೇ—”

ಕೊಕ್ಕೆ ಕಿತ್ತು ಬಂತು.

ಅವನು ಜಾರಿದ. ತೊಗಟೆ ಚೂರುಚೂರಾಗಿ ಉದುರಿತು. ಹಗ್ಗ ಬಿಗಿದು ಅವಳನ್ನು ಮರಕ್ಕೆ ಅಪ್ಪಳಿಸಿತು. ಅವಳು ಬಿಡಲಿಲ್ಲ. ಮೇಲೆ ಮುರಿದ ತಲೆ ನರಳುತ್ತ ಒಂದು ಗೇಣು ಕೆಳಕ್ಕೆ ಬಂದು ನಿಂತಿತು.

ದೇವರ ಹೆಸರು ಹೇಳುತ್ತ ಅವಳು ಹಗ್ಗವನ್ನು ಸ್ವಲ್ಪಸ್ವಲ್ಪವೇ ಸಡಿಲಿಸಿದಳು. ಮೈದುನ ನೆಲ ಮುಟ್ಟಿದ, ನಿಲ್ಲಲಾರದೆ ಕುಸಿದ.

ಬೂಟಿನ ಲಾಡಿಗಳು ಮಂಜುಗಟ್ಟಿ ಕಲ್ಲಾಗಿದ್ದವು, ಬಿಚ್ಚಲು ಬರಲಿಲ್ಲ. ಮೇಸ್ತ್ರಿ ಚಾಕು ತೆಗೆದು ಅವಳ ಮುಖ ನೋಡಿದರು. ಗಂಡನದೆಂದು ಅವಳ ಬಳಿ ಉಳಿದದ್ದು ಆ ಬೂಟುಗಳು ಮಾತ್ರ. ಅವಳು ಚಾಕುವನ್ನು ಕಸಿದುಕೊಂಡು ತಾನೇ ಚರ್ಮವನ್ನು ಉದ್ದಕ್ಕೂ ಸೀಳಿದಳು. ಒಳಗಿನ ಉಣ್ಣೆ ನಾದಿದ ಹಿಟ್ಟಿನಂತೆ ಒತ್ತಿಕೊಂಡಿತ್ತು. ರಕ್ತ ಹರಿಯಲು ಕೂದಲೆಳೆಯಷ್ಟೂ ಎಡೆಯಿರಲಿಲ್ಲ. ಬೆರಳುಗಳು ಮೇಣದಂತೆ ಬಿಳಿಚಿದ್ದವು.

“ಅವರಿಗೂ ಎರಡು ಜೊತೆ ಹಾಕಿ ಕಳಿಸಿದ್ದೆ,” ಎಂದಳು ಮೆಲ್ಲಗೆ.

ಮೇಸ್ತ್ರಿ ಅವಳ ಕೈಯಿಂದ ಚಾಕುವನ್ನು ತೆಗೆದುಕೊಂಡರು. ಆಮೇಲೆ, “ಪ್ರೀತಿಯಿಂದ ಹಾಕಿದ್ದೆ ತಾಯಿ. ದೇವರಿಗೆ ಅಷ್ಟು ಗೊತ್ತಾಗಲ್ವೇ?” ಎಂದರು.

ಆಚೆ ದಡದಲ್ಲಿ ಡೋಲಿಯೊಳಗಿಂದ ಕೆಮ್ಮು ಕೇಳಿತು. ಗಾಳಿ ಎದ್ದಿತ್ತು. ಹಳೆಯ ಪೆಟ್ಟು ಬಿದ್ದ ಮೇಸ್ತ್ರಿಯ ಭುಜ ಮರ ಹತ್ತುವ ಭಾರ ತಡೆಯುವಂತಿರಲಿಲ್ಲ. ಉಳಿದವಳು ಅವಳೊಬ್ಬಳೇ. ಅವಳು ಕೊಕ್ಕೆಗಳನ್ನು ತನ್ನ ವಿಕಾರ ಬೂಟುಗಳಿಗೆ ಕಟ್ಟಿದಳು, ಪಟ್ಟಿಯ ಕೆಳಗೆ ಬೆರಳೊಂದು ಆಡುವಷ್ಟು ಸಡಿಲ ಬಿಟ್ಟು.

ಮೇಸ್ತ್ರಿ ಮರಕ್ಕೆ ಒರಗಿ ಕೂತು ಅವಳ ಹಗ್ಗ ಹಿಡಿದರು. ಅಂಗಿ ಎತ್ತಿ ಮೈದುನನ ಕಾಲುಗಳನ್ನು ಬರಿ ಹೊಟ್ಟೆಗೆ ಒತ್ತಿಕೊಂಡರು. “ನನ್ನ ಹೆಂಡತಿಗೂ ಇಷ್ಟು ಜಾಗ ಕೊಟ್ಟಿರಲಿಲ್ಲ ಕಣೋ,” ಎಂದು ಗೊಣಗಿದರು.

ಅವಳು ಹತ್ತಿದಳು.

ಪ್ರತಿ ಹೆಜ್ಜೆಗೂ ಬೆರಳು ಆಡಿಸಿದಳು. ಕೊಕ್ಕೆ ಕಚ್ಚಿದ್ದು ಪಾದಕ್ಕೆ ತಿಳಿದ ಮೇಲೆಯೇ ಭಾರ ಬಿಟ್ಟಳು. ಕೆಳಗೆ ಕಂದರ ಬಾಯಿ ತೆರೆದಿತ್ತು, ಅವಳು ಅತ್ತ ನೋಡಲಿಲ್ಲ. ಮುರಿದ ತಲೆ ಪಕ್ಕದಲ್ಲೇ ಉಸಿರಾಡುವ ಪ್ರಾಣಿಯಂತೆ ಏರಿಳಿಯುತ್ತಿತ್ತು. ಗಾಳಿ ಅದನ್ನು ಸೇತುವೆಯಿಂದ ಆಚೆಗೆ ತಳ್ಳುವ ಕ್ಷಣಕ್ಕೆ ಕಾದಳು. ಗರಗಸ ಎಳೆದಳು. ಮತ್ತೆ ಎಳೆದಳು.

ಕೊನೆಯ ಎಳೆ ಹರಿಯಿತು. ಮರದ ತಲೆ ಹೊರಳುತ್ತ ಸೇತುವೆಯ ಪಕ್ಕದಲ್ಲೇ ಸಾಗಿ ಕಂದರಕ್ಕಿಳಿಯಿತು. ಸದ್ದು ಬಹಳ ತಡವಾಗಿ ಮೇಲೆ ಬಂತು.

ಡೋಲಿ ದಾಟಿತು. ಹೊತ್ತವರಲ್ಲಿ ಒಬ್ಬ ಏನೂ ಕೇಳದೆ ಬೆನ್ನು ಬಾಗಿಸಿ ಮೈದುನನನ್ನು ಏರಿಸಿಕೊಂಡ. ಹಿಮ ಅವರನ್ನು ಇಳಿಜಾರಿನ ಉದ್ದಕ್ಕೂ ಬೆನ್ನಟ್ಟಿ ಬಂತು. ಠಾಣೆಯ ಬಾಗಿಲು ಹಾಕಿಕೊಂಡಾಗ ಹೊರಗೆ ದಾರಿಯೇ ಉಳಿದಿರಲಿಲ್ಲ. ಹೆಂಗಸನ್ನು ಒಳಕೋಣೆಗೆ ಒಯ್ದರು. ವೈದ್ಯರು ಅಲ್ಲಿ ಕಾದಿದ್ದರು.

ಅತ್ತಿಗೆ ಬೆಚ್ಚನೆಯ ನೀರಿನ ಬೋಗುಣಿಯಲ್ಲಿ ಮೈದುನನ ಕಾಲುಗಳನ್ನಿಟ್ಟು, ಬೆರಳುಗಳಿಗೆ ರಕ್ತ ಮರಳಲೆಂದು ಎದುರು ಕೂತು ಕಾದಳು. ಬಹಳ ಹೊತ್ತು ಏನೂ ಆಗಲಿಲ್ಲ. ಆಮೇಲೆ ಅವನ ಮುಖ ಕಿವುಚಿಕೊಂಡಿತು, ಕಣ್ಣಲ್ಲಿ ನೀರು ತುಂಬಿತು.

“ಉರೀತಿದೆ ಅತ್ತಿಗೆ. ತಡೆಯೋಕಾಗ್ತಿಲ್ಲ.”

“ಎಲ್ಲಿ?”

“ಎಲ್ಲಾ ಬೆರಳೂ.”

“ಉರೀಲಿ ಕಂದಾ,” ಎಂದು ಅವಳು ಆ ಕಾಲುಗಳನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. “ಚೆನ್ನಾಗಿ ಉರೀಲಿ.”