ಮಾಯಾಮನೆಗೆ ಮೂರು ಕೈ ಸುಣ್ಣ

ಬೆಟ್ಟಗಳು ಇನ್ನೂ ಮಾತಾಡುತ್ತಿದ್ದ ಕಾಲ. ನೀಲಗಂಬವೆಂಬ ರಾಜ್ಯದಲ್ಲಿ ಮಗು ಹುಟ್ಟಿದರೆ ತಾಯಿ ಗಡಿಗೆಯೊಳಗೆ ಒಂದು ಮಾಯಾಮನೆ ಕಟ್ಟಿಸಿ, ಅದರ ಗೋಡೆಯ ಮೇಲೆ ಮಗುವಿನ ಪ್ರಾಣದ ಹೆಸರು ಬರೆಯುತ್ತಿದ್ದಳು. ಆ ಹೆಸರಿನಿಂದ ಯಾರು ಕರೆದರೂ ಮಗು ಆ ದಿನವೆಲ್ಲ ಅವರ ಅಧೀನ. ಓದಿದ ಹೆಸರು ಸಂಜೆಗೆ ಮರೆತುಹೋಗುತ್ತಿತ್ತು. ಬೇರೆಲ್ಲಿ ಬರೆದರೂ ನಿಲ್ಲುತ್ತಿರಲಿಲ್ಲ. ಮಗು ಬೆಳೆದ ಮೇಲೆ, ಮನೆಯ ಬಾಗಿಲೆಂದು ಗಡಿಗೆಯ ಬಾಯಿಗೆ ಹಾಕಿದ್ದ ಗುರುತು ಅಳಿಸಿ, ಮನೆ ಹೋಯಿತೆಂದು ತಿಪ್ಪೆಗೆ ಎಸೆಯುವುದು ಅಲ್ಲಿನ ರೂಢಿ.

ಬಿರುಗಣ್ಣನೆಂಬ ಮಾಂತ್ರಿಕ ಅಂಥದೊಂದು ಗಡಿಗೆಯನ್ನು ತಿಪ್ಪೆಯಿಂದ ಎತ್ತಿ ಊದಿದ. ಮನೆ ಇದ್ದ ಹಾಗೇ ಎದ್ದು ನಿಂತಿತು. ಗೋಡೆ ಓದಿ, ಆ ಪ್ರಾಣದ ಹೆಸರಿನ ಒಡೆಯ ಬೊಮ್ಮಣ್ಣನೆಂಬ ಯುವಕನನ್ನು ಕರೆದು ಕಡವೆ ಮಾಡಿ ಕಲ್ಲು ಹೊರಲು ಹಚ್ಚಿದ. ದಿನಾ ಬೆಳಗ್ಗೆ ಹೆಸರು ಓದಿ ಮತ್ತೆ ಕರೆಯುತ್ತಿದ್ದ.

ಬೊಮ್ಮಣ್ಣನ ಅಕ್ಕ ಕೆಂಚವ್ವ ಸುಣ್ಣ ಬಳಿದು ಬದುಕುವವಳು. ಮಾಂತ್ರಿಕ ಉಂಡು ಮಲಗಿದಾಗ ಹೋಗಿ, ಗಡಿಗೆಯ ಬಾಯಿಗೆ ಅವನು ಮತ್ತೆ ಹಾಕಿಕೊಂಡಿದ್ದ ಗುರುತು ಅಳಿಸಿದಳು. ಅವನು ಎದ್ದು ಊದಿದ, ಮನೆ ನಿಂತಿತು.

"ಬಾಗಿಲ ಗುರುತು ಅಳಿಸಿದರೆ ಮನೆ ಹೋಗುತ್ತದೇನೇ?" ಎಂದು ನಕ್ಕು ಅವಳನ್ನು ಬೇಲಿಯಾಚೆ ಎಸೆದ.

ಎರಡನೆಯ ಸಲ ಗಡಿಗೆಯನ್ನೇ ಒಡೆದಳು. ಅವನು ಚೂರು ಆಯ್ದು ಅಂಟಿಸಿ ಊದಿದ. ಮನೆ ಸೊಟ್ಟಗೆ ನಿಂತಿತು, ಹೆಸರು ಮಾತ್ರ ಸ್ಪಷ್ಟವಾಗಿತ್ತು.

"ಇನ್ನೊಂದು ಸಲ ಬಾ. ಕಡವೆಗೆ ಜೋಡಿ ಬೇಕು," ಎಂದ.

ಮೂರನೆಯ ಸಲ, ಮಾಂತ್ರಿಕ ಮಲಗಿದ ರಾತ್ರಿ, ಕೆಂಚವ್ವ ಸುಣ್ಣದ ಬಕೆಟ್ಟು ಹಿಡಿದು ಬಂದಳು.

"ಅಕ್ಕಾ, ಹೋಗಿಬಿಡು. ನಿನ್ನನ್ನೂ ಕಡವೆ ಮಾಡ್ತಾನೆ," ಎಂದಿತು ಕಟ್ಟಿದ್ದ ಕಡವೆ.

"ಸುಮ್ಮನಿರು. ನಿನ್ನ ಕೊಂಬಿಗೋಸ್ಕರ ಮನೆ ಬಾಗಿಲು ಎತ್ತರಿಸೋಕೆ ನನ್ನ ಕೈಲಾಗಲ್ಲ."

ಗಡಿಗೆ ಊದಿದಳು, ಎದ್ದ ಮನೆಯ ಒಳಹೊಕ್ಕು ಗೋಡೆ ಗೋಡೆಗೂ ಬಳಿದಳು.

ಕಡವೆ ಕಿಟಕಿಯಲ್ಲಿ ಮೂತಿ ತೂರಿಸಿತು. "ಹೆಸರಿಲ್ಲದ ಗೋಡೆಗೂ ಯಾಕೆ?"

"ಒಂದಕ್ಕೇ ಬಳಿದರೆ ಅವನು ಅದನ್ನೇ ಕೆರೀತಾನೆ."

ಮೊದಲ ಕೈಗೆ ಹೆಸರು ಮಸುಕಾಯಿತು. ಎರಡನೆಯ ಕೈಗೆ ನೆರಳಷ್ಟೇ ಉಳಿಯಿತು. ಮೂರನೆಯದಕ್ಕೆ ಏನೂ ಉಳಿಯಲಿಲ್ಲ. ಆಮೇಲೆ ಗುರುತು ಅಳಿಸಿ, ಗಡಿಗೆ ಒಡೆದು ಹೊರಟಳು.

ಬೆಳಗ್ಗೆ ಮಾಂತ್ರಿಕ ಚೂರು ಅಂಟಿಸಿ ಊದಿದ. ಎಲ್ಲ ಗೋಡೆಯೂ ಬೆಳ್ಳಗೆ. ಕೆರೆದ, ಸುಣ್ಣದಡಿ ಸುಣ್ಣ. ನಿನ್ನೆಯ ಹೆಸರು ನಿನ್ನೆಯೇ ಮರೆತಿತ್ತು. ಬಾಯಿಗೆ ಬಂದ ಹೆಸರನ್ನೆಲ್ಲ ಕೂಗಿದ. ಕಡವೆ ಆಕಳಿಸಿತು.

ಹೆಸರು ಸಿಗದೆ ಬಿಟ್ಟುಹೋದ ಮಾಯೆ ಹಾಕಿದವನಿಗೇ ತಗಲುವುದು ಆ ರಾಜ್ಯದ ಕಟ್ಟಳೆ. ಬೊಮ್ಮಣ್ಣನ ಕೊಂಬು ಕಳಚಿತು, ಬಿರುಗಣ್ಣನ ತಲೆಯಲ್ಲಿ ಮೊಳೆಯಿತು. ಅವನು ಕಾಡು ಸೇರಿದ.

ಅಂದಿನಿಂದ ನೀಲಗಂಬದಲ್ಲಿ ಮಾಯಾಮನೆಗೆ ಮೂರು ಕೈ ಸುಣ್ಣ ಬಳಿಯದೆ ಯಾರೂ ಗಡಿಗೆ ಎಸೆಯರು. ಕೆಂಚವ್ವನಿಗೆ ಕೈತುಂಬ ಕೆಲಸ. ತಮ್ಮ ಬಕೆಟ್ಟು ಹೊರುತ್ತಾನೆ, ಅಕ್ಕ ಬಯ್ಯುತ್ತಾಳೆ, ಊರೆಲ್ಲ ಸುಖವಾಗಿದೆ.