ಪ್ಲಗ್ ಕಿತ್ತರೂ ನಿಲ್ಲದ ಸದ್ದು

ಅದೇ ಮನೆಯಿಂದ ಅದೇ ದೂರು ಮೂರನೇ ಸಲ ಬಂದಾಗ ನನಗೆ ಸಿಟ್ಟು ಬರಬೇಕಿತ್ತು. ಬಂದದ್ದು ನಗು.

"ಸ್ಪೀಕರ್ ಮತ್ತೆ ಕಿರುಚ್ತಿದೆಯಂತೆ," ಎಂದೆ ಫೋನ್ ಇಡುತ್ತಾ.

ಅಂಗಡಿ ನನ್ನ ಚಿಕ್ಕಪ್ಪನದು. ಬೆಸುಗೆ ಹಾಕುತ್ತಿದ್ದವರು ಕನ್ನಡಕದ ಮೇಲಿಂದ ನೋಡಿದರು. "ಸ್ಪೀಕರ್‌ಗೇನೂ ಆಗಿಲ್ಲ ಕಣೇ. ಗಿರಾಕಿಗೇ ಏನೋ ಆಗಿದೆ."

"ಹಾಗಾದ್ರೆ ನೀವೇ ಹೋಗಿ ಬನ್ನಿ."

"ನಾನು ಹೋದ್ರೆ ಅದು ರಿಪೇರಿ ಆಗಲ್ಲ ಬಿಡು."

ಮನೆಮನೆಗೆ ಹೋಗಿ ಸ್ಪೀಕರ್, ಆಂಪ್ಲಿಫೈಯರ್ ಕೂರಿಸುವುದು ನನ್ನ ಕೆಲಸ. ಏಣಿ ಹತ್ತುತ್ತೇನೆ, ಗೋಡೆ ಕೊರೆಯುತ್ತೇನೆ, ಗಿರಾಕಿ ತಲೆಹರಟೆ ಮಾಡಿದರೆ ಮುಖಕ್ಕೆ ಹೊಡೆದ ಹಾಗೆ ಹೇಳಿ ಬರುತ್ತೇನೆ. ಆ ದಿನ ಮಾತ್ರ ಹೊರಡುವ ಮುಂಚೆ ಕನ್ನಡಿ ನೋಡಿಕೊಂಡೆ. ಸುಳ್ಳು ಯಾಕೆ ಹೇಳಲಿ, ಹೊರಟವಳು ವಾಪಸ್ ಬಂದು ಇನ್ನೊಂದು ಸಲವೂ ನೋಡಿಕೊಂಡೆ.

ಆ ಗಿರಾಕಿ ಸಿನಿಮಾಗಳಿಗೆ ಸಬ್‌ಟೈಟಲ್ ಬರೆಯುವವನು. ಕಿವಿ ಕೇಳದವರಿಗಾಗಿ ಮಾತಿನ ಜೊತೆ ಸದ್ದನ್ನೂ ಬರೆಯುತ್ತಾನೆ. ಬಾಗಿಲು ಕಿರ್ರೆಂದಿತು, ಗಾಜು ಫಳ್ಳೆಂದಿತು, ಹೀಗೆ. ಅದಕ್ಕೇ ನಾನು ಮನಸ್ಸಿನಲ್ಲೇ ಅವನಿಗೆ ಸಬ್‌ಟೈಟಲ್ ಅಂತ ಹೆಸರಿಟ್ಟಿದ್ದೆ. ಹಿಂದಿನ ಸಲ ಹೋದಾಗ ಸ್ಟೀಲ್ ಮುಚ್ಚಳ ಕೆಳಗೆ ಬಿದ್ದರೆ ಠಣ್ ಅನ್ನುತ್ತದೋ ಢಣ್ ಅನ್ನುತ್ತದೋ ಎಂದು ಇಬ್ಬರೂ ಜಗಳವಾಡಿ, ಕೊನೆಗೆ ಅಡುಗೆಮನೆಯಲ್ಲಿದ್ದ ಮುಚ್ಚಳಗಳನ್ನೆಲ್ಲ ಒಂದೊಂದಾಗಿ ಬೀಳಿಸಿ ನೋಡಿದ್ದೆವು. ಕೆಳಗಿನ ಮನೆಯವರು ಬಂದು ಬೈದು ಹೋದರು. ಅವರು ಬೈಯುವಾಗ ಅವನು ನನ್ನ ಕಡೆ ಓರೆಗಣ್ಣಲ್ಲಿ ನೋಡಿ ತುಟಿ ಕಚ್ಚಿಕೊಂಡು ನಿಂತಿದ್ದ. ಆ ನೋಟ ನನ್ನ ಜೊತೆ ಅಂಗಡಿಯವರೆಗೂ ಬಂದಿತ್ತು.

ಈ ಸಲ ಬಾಗಿಲು ತೆಗೆದವನ ಕಣ್ಣು ಕೆಂಪಾಗಿತ್ತು.

"ಯಾವ ತರ ಸದ್ದು ಹೇಳಿ," ಎಂದೆ ಸ್ಕ್ರೂಡ್ರೈವರ್ ತೆಗೆಯುತ್ತಾ. "ಗುಂಯ್ ಅಂದ್ರೆ ಅರ್ತಿಂಗ್ ಸರಿ ಇಲ್ಲ. ಕರಕರ ಅಂದ್ರೆ ವೈರ್ ಸಡಿಲ. ಸುಂಯ್ ಅಂದ್ರೆ ಆಂಪ್ಲಿಫೈಯರ್‌ದು."

"ಕೀ ಅಂತ. ಸಣ್ಣಗೆ, ಒಂದೇ ಸಮ."

ಕೀ ನನ್ನ ಪಟ್ಟಿಯಲ್ಲಿರಲಿಲ್ಲ. ಸ್ಪೀಕರಿಗೆ ಕಿವಿ ಹಚ್ಚಿದೆ, ಏನೂ ಇಲ್ಲ. ವೈರ್ ಬಿಚ್ಚಿದೆ. "ಈಗ?"

"ಇದೆ."

ಆಂಪ್ಲಿಫೈಯರ್ ಆಫ್ ಮಾಡಿದೆ. "ಈಗ?"

"ಇದೆ ಮೇಡಂ."

ಗೋಡೆಯಿಂದ ಪ್ಲಗ್ಗನ್ನೇ ಕಿತ್ತು ಕೈಯಲ್ಲಿ ಹಿಡಿದು ತಿರುಗಿದೆ. ನನ್ನ ನಾಲಿಗೆ ಮೊದಲೇ ಸ್ವಲ್ಪ ಉದ್ದ. "ಸ್ವಾಮಿ, ಪ್ಲಗ್ ನನ್ನ ಕೈಲಿದೆ. ನನ್ನ ನೋಡ್ಬೇಕು ಅಂತಿದ್ರೆ ನೇರವಾಗಿ ಫೋನ್ ಮಾಡಿ ಕರೀಬಹುದಿತ್ತು. ಪಾಪ, ಸ್ಪೀಕರ್ ಮೇಲೆ ಯಾಕೆ ಗೂಬೆ ಕೂರಿಸ್ತೀರಾ?"

ಅವನು ನಗುತ್ತಾನೆ ಅಂದುಕೊಂಡಿದ್ದೆ. ಅವನು ಪ್ಲಗ್ಗನ್ನೇ ನೋಡುತ್ತಿದ್ದ. ನೋಡುತ್ತಾ ನೋಡುತ್ತಾ ಮುಖದ ಬಣ್ಣ ಇಳಿದುಹೋಯಿತು. ಕೈ ಮೆಲ್ಲಗೆ ಮೇಲೆದ್ದು ಎಡಗಿವಿಯನ್ನು ಮುಚ್ಚಿತು, ತೆಗೆಯಿತು, ಮತ್ತೆ ಮುಚ್ಚಿತು.

"ಹಾಗಾದ್ರೆ ಇದು... ಒಳಗಡೆಯಿಂದ," ಎಂದ.

ಅಯ್ಯೋ, ಆ ಗಳಿಗೆಯಲ್ಲಿ ನನ್ನ ನಾಲಿಗೆಯನ್ನು ಕತ್ತರಿಸಿ ಎಸೆಯಬೇಕು ಅನ್ನಿಸಿತು.

ನಾನು ನೀರು ತಂದುಕೊಟ್ಟ ಮೇಲೆ ಒಂದೊಂದೇ ಹೊರಬಂತು. ಕೆಲವು ವಾರಗಳಿಂದ ಹೀಗೇ ಇತ್ತಂತೆ. ಮೊನ್ನೆ ಒಂದು ಸಿನಿಮಾದಲ್ಲಿ ನಾಯಕಿ 'ನಿನಗೋಸ್ಕರ ಕಾಯ್ತೀನಿ' ಅಂದಿದ್ದನ್ನು ಇವನು 'ಸಾಯ್ತೀನಿ' ಎಂದು ಬರೆದು ಕಳಿಸಿದ್ದ. ಆಫೀಸಿನವರು ಮೊದಲು ನಕ್ಕರು, ಆಮೇಲೆ ಇನ್ನೊಂದು ತಪ್ಪಾದರೆ ಕೆಲಸ ಬೇರೆಯವರಿಗೆ ಹೋಗುತ್ತದೆ ಎಂದರು.

"ಡಾಕ್ಟರ್ ಹತ್ರ ಹೋಗಿ."

"ಹೋದ್ರೆ, ಕಿವಿ ಹೋಗ್ತಿದೆ ಅಂತಾರೆ. ನಂಗೆ ಬರೋದು ಇದೊಂದೇ ಕೆಲಸ. ಹೇಳಿಸ್ಕೊಳ್ಳೋಕೆ ಧೈರ್ಯ ಇಲ್ಲ."

ಆಗ ನಾನೊಂದು ಬುದ್ಧಿವಂತಿಕೆ ಮಾಡಿದೆ. ನಮ್ಮ ಕಸುಬಿನವರಿಗೆ ಮಾತ್ರ ಹೊಳೆಯುವಂಥದ್ದು. ಬೇಡದ ಸದ್ದು ಕೇಳಿಸಿದರೆ ನಾವು ಮೊದಲು ಮಾಡುವುದು ಕೋಣೆಯ ಸದ್ದಡಗಿಸುವುದು. ಅವನು ಕೆಲಸ ಮಾಡುವ ಕೋಣೆಯನ್ನು ಹಾಗೆ ಮಾಡಿಕೊಟ್ಟರೆ ಕಿವಿಗೂ ವಿಶ್ರಾಂತಿ, ಮಾತೂ ಸ್ಪಷ್ಟ ಎಂದು ನಾನೇ ತೀರ್ಮಾನಿಸಿದೆ.

ಗೋಡೆಗೆ ಸದ್ದು ಹೀರುವ ಫೋಮ್ ಅಂಟಿಸಿದೆವು. ಕಿಟಕಿಯ ಸಂದಿಗೆ ರಬ್ಬರ್ ಪಟ್ಟಿ, ಅದರ ಮೇಲೆ ದಪ್ಪ ಪರದೆ. ಗಡಿಯಾರ ಹೊರಗೆ ಹೋಯಿತು. ಸೀಲಿಂಗ್ ಫ್ಯಾನಿನ ರೆಗ್ಯುಲೇಟರ್ ಗುಂಯ್‌ಗುಟ್ಟುತ್ತದೆಂದು ಅದನ್ನೂ ಕಿತ್ತೆ. ನಾನು ಏಣಿಯ ಮೇಲೆ, ಅವನು ಕೆಳಗೆ ಏಣಿ ಹಿಡಿದುಕೊಂಡು.

"ಮೇಲೆ ನೋಡ್ಬೇಡಿ, ಏಣಿ ನೋಡಿ," ಎಂದೆ.

"ಏಣೀನೇ ನೋಡ್ತಿದ್ದೆ. ಏಣಿ ಮೇಲೆ ಯಾರೋ ಇದ್ದಾರೆ, ನಾನೇನು ಮಾಡ್ಲಿ?"

ಫೋಮಿನ ಅಂಟು ಅವನ ಹುಬ್ಬಿಗೆ ಮೆತ್ತಿಕೊಂಡಿತ್ತು. ಒರೆಸಲು ಕೈ ಚಾಚಿದವಳು ಅರ್ಧದಲ್ಲೇ ನಿಲ್ಲಿಸಿದೆ. ಅವನೇ ತಲೆ ಸ್ವಲ್ಪ ಮುಂದೆ ತಂದ. ನನ್ನ ಎದೆ ಹೊಡೆದುಕೊಳ್ಳುವುದು ಅವನಿಗೆ ಕೇಳಿಸಿಬಿಟ್ಟೀತು ಎಂದು ಹೆದರಿ ದೊಡ್ಡದಾಗಿ ಕೆಮ್ಮಿದೆ.

ಕೆಲಸ ಮುಗಿದ ಮಧ್ಯಾಹ್ನ ಅವನನ್ನು ಕುರ್ಚಿಯ ಮೇಲೆ ಕೂರಿಸಿ, ಬಾಗಿಲು ಹಾಕಿ, ಹಿಂದೆ ಗೋಡೆಗೆ ಒರಗಿ ನಿಂತೆ. ಒಂದು ಸೊಳ್ಳೆ ಹಾರಿದರೂ ಗೊತ್ತಾಗುವಂಥ ನಿಶ್ಶಬ್ದ. ಇದಕ್ಕಿಂತ ಒಳ್ಳೆಯ ಉಡುಗೊರೆಯನ್ನು ನಾನು ಯಾರಿಗೂ ಕೊಟ್ಟಿರಲಿಲ್ಲ. ಈಗ ತಿರುಗುತ್ತಾನೆ, ಈಗ ಏನಾದರೂ ಹೇಳುತ್ತಾನೆ ಎಂದು ಕಾದೆ.

ಅವನ ಕುತ್ತಿಗೆಯ ಮೇಲೆ ಬೆವರು ಮೂಡಿತು. ಕುರ್ಚಿಯ ಕೈ ಹಿಡಿದ ಬೆರಳುಗಳು ಬೆಳ್ಳಗಾದವು. ಥಟ್ಟನೆ ಎದ್ದು, ನನ್ನ ಮುಖವನ್ನೂ ನೋಡದೆ ಬಾಗಿಲಿನತ್ತ ನಡೆದ.

ಏನಾಯಿತೆಂದು ತಿಳಿಯಲಿಲ್ಲ. ಆದರೆ ಅವನು ಹಾಗೆ ಹೊರಟದ್ದು ನೋಡಿ ಎದೆ ಧಸಕ್ಕೆಂದಿತು. "ಹೋಗ್ಬೇಡಿ," ಎಂದೆ. ನನ್ನಂಥ ಗಟ್ಟಿ ಗಂಟಲಿನವಳಿಗೆ ಆಗ ಪಿಸುಮಾತಷ್ಟೇ ಬಂತು.

ಅವನು ನಿಂತ. ತಿರುಗಿದ. ಆ ಮುಖದಲ್ಲಿದ್ದ ನೋವು ನನಗೆ ಅರ್ಥವೇ ಆಗಲಿಲ್ಲ.

"ಸರಿ," ಎಂದ. ಹೊರಗೆ ಹೋದ. ಮುಂಬಾಗಿಲೂ ತೆರೆದ ಸದ್ದಾಯಿತು.

ಸರಿಯಂತೆ! ಬೇಡಿಕೊಂಡವಳ ಮುಖಕ್ಕೆ ಸರಿ ಎಂದು ಹೇಳಿ ಹೊರಟೇಹೋಗುವ ಗಂಡಸನ್ನು ನಾನು ನೋಡಿರಲಿಲ್ಲ. ಅವನ ಮನೆಯಲ್ಲೇ ಒಬ್ಬಳೇ ನಿಂತು ಅತ್ತೆ. ಆಮೇಲೆ ಸ್ಕ್ರೂಡ್ರೈವರ್ ಚೀಲಕ್ಕೆ ಹಾಕಿಕೊಂಡು, ಬಾಗಿಲು ಎಳೆದುಕೊಂಡು ಬಂದೆ.

ಆಮೇಲೆ ಅವನ ಫೋನಿಲ್ಲ. ನಾನೂ ಮಾಡಲಿಲ್ಲ, ನನಗೇನು ಗ್ರಹಚಾರ? ಅಂಗಡಿಯಲ್ಲಿ ಸಿಕ್ಕಸಿಕ್ಕವರ ಮೇಲೆ ಹರಿಹಾಯ್ದೆ. ಕಿವಿಯ ಕತೆಯನ್ನು ನನ್ನಿಂದಲೇ ಕೇಳಿದ್ದ ಚಿಕ್ಕಪ್ಪ ಒಂದು ದಿನ ನೋಡಿದರು, ಎರಡು ದಿನ ನೋಡಿದರು. "ಆ ಹುಡುಗನ ಕಿವಿ ವಿಷಯ ತಿಳ್ಕೊಂಡವರನ್ನ ಕೇಳೋದು ಬಿಟ್ಟು ನನ್ನ ಗಿರಾಕಿಗಳನ್ನ ಯಾಕೆ ಓಡಿಸ್ತೀಯ?" ಎಂದರು.

ಹಾಗೆ, ಸಿಟ್ಟಿನಲ್ಲೇ, ಕಿವಿ ಪರೀಕ್ಷೆ ಮಾಡುವ ಡಾಕ್ಟರಮ್ಮನ ಹತ್ತಿರ ಹೋದೆ. ನಾನು ಮಾಡಿದ ಕೋಣೆಯ ವರ್ಣನೆ ಕೇಳುತ್ತಾ ಕೇಳುತ್ತಾ ಆಕೆ ಪೆನ್ನು ಕೆಳಗಿಟ್ಟರು.

"ಪೂರ್ತಿ ನಿಶ್ಶಬ್ದ ಮಾಡಿ ಒಳಗೆ ಕೂರಿಸಿದ್ರಾ? ಕತ್ತಲೆ ಕೋಣೇಲಿ ಮೊಬೈಲ್ ಬೆಳಕು ಕಣ್ಣಿಗೆ ಹೊಡೆಯುತ್ತಲ್ಲ, ಹಾಗೇ ಇದೂ. ಹೊರಗೆ ಸದ್ದು ಕಮ್ಮಿ ಆದಷ್ಟೂ ಒಳಗಿನದು ಜಾಸ್ತಿ ಅನ್ಸುತ್ತೆ. ಪಾಪ, ಅಲ್ಲಿ ಕೂರೋಕಾಗದೆ ಎದ್ದು ಹೋಗಿರ್ತಾರೆ."

ನನ್ನ ಕಿವಿ ಬಿಸಿಯಾಯಿತು. "ಹಾಗಾದ್ರೆ ಸ್ಪೀಕರ್‌ನಲ್ಲಿ ಬೇರೆ ಸದ್ದು ಜೋರಾಗಿ ಹಾಕಿ ಅದನ್ನ ಮುಚ್ಚಿಬಿಡ್ಲಾ?"

"ಮುಚ್ಚೋದೂ ಬೇಡ. ಮೆತ್ತಗಿನ ಸದ್ದು ಒಂದು, ಒಳಗಿನದಕ್ಕಿಂತ ಸ್ವಲ್ಪ ಸಣ್ಣಗೆ. ಎರಡೂ ಕೇಳಿಸ್ತಿರಲಿ. ಹಾಗೇ ಅಭ್ಯಾಸ ಆಗುತ್ತೆ. ಮೊದಲು ಅವರನ್ನ ಪರೀಕ್ಷೆಗೆ ಕರ್ಕೊಂಡು ಬನ್ನಿ. ಕೀ ಅಂತ ಕೇಳಿಸಿದವರೆಲ್ಲ ಕಿವುಡರಾಗಲ್ಲಮ್ಮ."

ಅಂಗಡಿಗೆ ಬರುವಷ್ಟರಲ್ಲಿ ಫೋನ್. ಗುರುತಿಲ್ಲದ ಹೆಂಗಸಿನ ದನಿ. "ಸಬ್‌ಟೈಟಲ್ ಬರೀತಾನಲ್ಲ, ಅವನ ಅಕ್ಕ ನಾನು. ಅವನು ಮನೆ ಖಾಲಿ ಮಾಡಿ ನನ್ನ ಊರಿಗೆ ಬರ್ತಿದ್ದಾನೆ. ಸ್ಪೀಕರ್ ಬೇಡವಂತೆ, ಬಂದು ಬಿಚ್ಕೊಂಡು ಹೋಗಿ. ಸಂಜೆ ಲಾರಿ ಬರುತ್ತೆ."

ನಾನು ಹೋದಾಗ ಆ ಮನೆಯ ತುಂಬ ರಟ್ಟಿನ ಪೆಟ್ಟಿಗೆಗಳು. ಅಕ್ಕ ಅಡುಗೆಮನೆಯಲ್ಲಿ ಪಾತ್ರೆಗಳನ್ನು ಹಳೇ ಪೇಪರಿನಲ್ಲಿ ಸುತ್ತುತ್ತಿದ್ದರು. ಅವನು ಹಾಲಿನಲ್ಲಿ ಪುಸ್ತಕ ಕಟ್ಟುತ್ತಿದ್ದವನು ನನ್ನನ್ನು ಕಂಡು ಎದ್ದು ನಿಂತ.

"ಸ್ಪೀಕರ್ ಒಳಗಿದೆ," ಎಂದ.

"ಗೊತ್ತು, ನಾನೇ ಇಟ್ಟಿದ್ದು. ಹೋಗೋ ಮುಂಚೆ ಒಂದು ಮಾತು ಹೇಳ್ಬೇಕು ಅಂತ ಅನ್ಸಲೇ ಇಲ್ವಾ ನಿಮಗೆ?"

"ಹೇಳೋಕೇನಿದೆ? ನೀವೇ ಹೇಳಿದ್ರಲ್ಲ."

"ನಾನೇನು ಹೇಳ್ದೆ?"

ಅವನು ದಾರದ ಗಂಟನ್ನು ಬಿಗಿಯುತ್ತಾ, ನನ್ನ ಕಡೆ ನೋಡದೆ ಹೇಳಿದ. "ಹೋಗ್ಬಿಡಿ ಅಂದ್ರಿ."

ಒಂದು ಕ್ಷಣ ನನಗೆ ತಲೆ ಓಡಲಿಲ್ಲ. ಆಮೇಲೆ ಓಡಿತು.

"ಹೋಗ್ಬೇಡಿ ಅಂದಿದ್ದೆ ಕಣ್ರೀ! ಹೋಗ್-ಬೇ-ಡಿ!"

ಅಡುಗೆಮನೆಯಲ್ಲಿ ಪೇಪರಿನ ಸರಬರ ನಿಂತಿತು. ಅವನ ಕೈಯಿಂದ ದಾರ ಜಾರಿತು. ಇನ್ನೇನು ಎಲ್ಲ ಸರಿಹೋಯಿತು ಅಂದುಕೊಂಡೆ ನಾನು. ಅವನ ಮುಖ ಇನ್ನಷ್ಟು ಕುಸಿಯಿತು.

"ನೋಡಿದ್ರಾ? ಇದಕ್ಕೇ ಹೋಗ್ತಿರೋದು. ಆಫೀಸಿನವರದ್ದಲ್ಲ, ನನ್ನ ಜೀವನಕ್ಕೆ ಬೇಕಾಗಿದ್ದ ಒಂದು ಮಾತು, ಅದನ್ನೇ ಉಲ್ಟಾ ಕೇಳಿಸ್ಕೊಂಡೆ. ನಾಳೆ ನೀವು ಬೇಕು ಅಂದ್ರೆ ಬೇಡ ಅಂತ ಕೇಳಿಸ್ಕೊಳ್ತೀನಿ. ಅಂಥವನ ಜೊತೆ ನೀವು ಯಾಕೆ ಏಗ್ಬೇಕು?"

"ಏಗೋದು ಬಿಡೋದು ನನಗೆ ಬಿಟ್ಟಿದ್ದು. ನನ್ನ ಪರವಾಗಿ ನೀವು ಯಾಕೆ ತೀರ್ಮಾನ ಮಾಡ್ತೀರಾ? ಒಳಗೆ ಬನ್ನಿ."

ಅವನು ಬಾಗಿಲಲ್ಲೇ ನಿಂತ. ಆ ಕೋಣೆಗೆ ಬರಲು ಅವನಿಗೆ ಭಯ. ಪರದೆಯನ್ನು ಪಕ್ಕಕ್ಕೆ ಸರಿಸಿದೆ. ಕಿಟಕಿಯ ರಬ್ಬರ್ ಪಟ್ಟಿ ಕಿತ್ತು ಎರಡೂ ಬಾಗಿಲು ತೆರೆದೆ. ಬೀದಿಯ ಗಲಾಟೆ ಒಳಗೆ ಬಂತು. ಫೋಮನ್ನು ಗೋಡೆಯಿಂದ ಪರಪರನೆ ಕಿತ್ತೆ, ಸುಣ್ಣವೂ ಜೊತೆಗೇ ಬಂತು.

"ಬಾಡಿಗೆ ಮನೆ ಅದು," ಎಂದ ಅವನು ಗಾಬರಿಯಿಂದ.

"ಬಣ್ಣ ನಾನು ಹೊಡೀತೀನಿ. ಕೂತ್ಕೊಳ್ಳಿ."

ಸ್ಪೀಕರನ್ನು ಅವನ ಎದುರಿನಿಂದ ತೆಗೆದು ಮೂಲೆಯಲ್ಲಿ ಗೋಡೆಗೆ ಮುಖ ಮಾಡಿಟ್ಟೆ. ಚೂಪು ಸದ್ದನ್ನು ತಗ್ಗಿಸಿ, ನೀರು ಹರಿಯುವ ಸದ್ದೊಂದನ್ನು ತೀರಾ ಸಣ್ಣಗೆ ಹಾಕಿದೆ.

"ಇನ್ನೂ ಕೀ ಅಂತಿದೆ," ಎಂದ. "ಜಾಸ್ತಿ ಮಾಡಿ."

"ಮಾಡಲ್ಲ."

"ದಯವಿಟ್ಟು. ಅದನ್ನ ಮುಳುಗಿಸಿಬಿಡಿ."

ಕೈ ವಾಲ್ಯೂಮ್ ಗುಂಡಿಯ ಮೇಲಿತ್ತು. ಒಂದು ಸಲ ತಿರುಗಿಸಿದರೆ ಅವನಿಗೆ ಆ ಗಳಿಗೆಗೆ ಸುಖ. ಅವನು ಹಾಗೆ ಬೇಡುವುದನ್ನು ನೋಡಲಾಗದೆ ಗುಂಡಿಯ ಮೇಲಿನ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡೆ. "ಮುಳುಗಿಸಿದ್ರೆ ನಾಳೆ ಇನ್ನೂ ಜೋರು ಬೇಕಾಗುತ್ತೆ. ಡಾಕ್ಟರಮ್ಮ ಹೇಳಿದ್ದಾರೆ. ಅದೂ ಇರಲಿ, ಇದೂ ಇರಲಿ. ಸುಮ್ನೆ ಕೂತಿರಿ, ನಾನೂ ಕೂತಿರ್ತೀನಿ."

ನೆಲದ ಮೇಲೆ ಅವನೆದುರು ಕೂತೆ. ಅವನು ಕಣ್ಣು ಮುಚ್ಚಿಕೊಂಡ. ಹುಬ್ಬು ಗಂಟಿಕ್ಕಿಯೇ ಇತ್ತು. ಬೀದಿಯಲ್ಲಿ ಒಂದು ಸ್ಕೂಟರ್ ಸ್ಟಾರ್ಟ್ ಆಗದೆ ಒದ್ದಾಡಿತು, ಯಾರೋ ಯಾರನ್ನೋ ಕೂಗಿದರು, ನೀರು ಹರಿಯುತ್ತಲೇ ಇತ್ತು. ತುಂಬ ಹೊತ್ತಾದ ಮೇಲೆ ಅವನ ಭುಜ ಮೆಲ್ಲಗೆ ಇಳಿಯಿತು.

"ಇದೆ," ಎಂದ ಕಣ್ಣು ತೆರೆದು. "ಆದ್ರೆ ಈಗ ಅದೊಂದೇ ಅಲ್ಲ."

ನನಗೆ ಅಳು ಬಂತು, ನುಂಗಿಕೊಂಡೆ. "ನಾಳೆ ಪರೀಕ್ಷೆಗೆ ಹೋಗೋಣ. ಏನೇ ಹೇಳ್ಲಿ, ಇಬ್ಬರೂ ಕೇಳ್ಕೊಂಡು ಬರೋಣ. ಇನ್ನು ನಿಮ್ಮ ಭಯಕ್ಕೆ ಒಂದು ಉಪಾಯ ಇದೆ. ನಾನು ಏನು ಹೇಳಿದ್ರೂ, ನಿಮಗೆ ಕೇಳಿಸಿದ್ದನ್ನ ವಾಪಸ್ ಹೇಳಿ. ತಪ್ಪಿದ್ರೆ ತಿದ್ದುತ್ತೀನಿ. ಒಪ್ಪಿಗೆನಾ?"

"ಒಪ್ಪಿಗೆನಾ," ಎಂದ.

"ಅದನ್ನಲ್ಲ! ಈಗಿಂದ ಶುರು. ಗೋಡೆ ಹಾಳಾಗಿದೆ."

"ಗೋಡೆ ಹಾಳಾಗಿದೆ."

"ಹಾಳು ಮಾಡಿದ್ದು ನಾನೇ."

"ಹಾಳು ಮಾಡಿದ್ದು ನೀವೇ."

"ನೀವೇ ಅಲ್ಲ, ನಾನೇ. ಇದ್ದದ್ದು ಇದ್ದ ಹಾಗೆ ಹೇಳಿ."

ಅವನ ತುಟಿಯ ತುದಿಯಲ್ಲಿ ನಗು ಕಾಣಿಸಿತು. ಕಿಟಕಿಯ ಬೆಳಕು ನನ್ನ ಮುಖದ ಮೇಲೆ ಬೀಳುವ ಹಾಗೆ ಸರಿದು ಕೂತೆ. ಈ ಸಲ ಪಿಸುಗುಟ್ಟಲಿಲ್ಲ.

"ನಂಗೆ ನೀನು ಬೇಕು."

ಅವನು ಉಸಿರಾಡುವುದನ್ನೇ ಮರೆತವನಂತೆ ನನ್ನ ತುಟಿಯನ್ನು ನೋಡಿದ, ಕಣ್ಣನ್ನು ನೋಡಿದ. ತಪ್ಪಾಗಿ ಕೇಳಿಸಿಬಿಟ್ಟಿತೇ ಎಂದು ನನ್ನ ಜೀವ ಬಾಯಿಗೆ ಬಂದಿತ್ತು.

"ನಂಗೆ," ಎಂದ. ನಿಲ್ಲಿಸಿದ. "ನಂಗೆ ನೀನು ಬೇಕು."

"ಅದು... ನಾನು ಹೇಳಿದ್ದನ್ನ ವಾಪಸ್ ಹೇಳಿದ್ದಾ, ನೀವೇ ಹೇಳಿದ್ದಾ?"

"ಎರಡೂ," ಎಂದು ಕುರ್ಚಿಯಿಂದ ಇಳಿದು, ಸುಣ್ಣದ ಪುಡಿಯ ನಡುವೆ ನನ್ನ ಎದುರಿಗೇ ಕೂತು, ನನ್ನ ಎರಡೂ ಕೈ ಹಿಡಿದುಕೊಂಡ.

ಅಡುಗೆಮನೆಯಿಂದ ಅಕ್ಕನ ದನಿ ಬಂತು. "ಲೋ! ಪಾತ್ರೆ ಕಟ್ಟಲಾ, ಬಿಚ್ಚಲಾ? ಯಾರಾದ್ರೂ ಬಾಯಿಬಿಟ್ಟು ಹೇಳ್ರಪ್ಪ, ನನ್ನ ಸೊಂಟ ಬಿದ್ದುಹೋಯ್ತು!"

ಅವನು ನನ್ನ ಕೈ ಬಿಡದೆಯೇ ಕೂಗಿದ. "ಬಿಚ್ಚು ಅಕ್ಕಾ!"

"ಏನಂದೆ?"

"ಬಿಚ್ಚೂ!"

ಇಡೀ ಬೀದಿಗೆ ಕೇಳಿಸಿರಬೇಕು.